ಅಣ್ಣಕ್ಕನ ಬಾವಿ

ಕರೇಮಡ್ಡಿಯ ಊರಾಚೆ, ಎರೆಹೊಲ ಮುಗಿದು ಕಲ್ಲುಮಣ್ಣಿನ ಗರಸುನೆಲ ಶುರುವಾಗುವಲ್ಲಿ ಅಣ್ಣಕ್ಕನ ಬಾವಿ ಇದೆ. ಸುತ್ತ ಎರಡು ಹರದಾರಿ ಎಲ್ಲಿ ತೋಡಿದರೂ ಉಪ್ಪುನೀರು. ಇಲ್ಲಿ ಮಾತ್ರ ಸಿಹಿ. ಹಗ್ಗ ಬಿಡುವ ಮುಂಚೆ ಬಾವಿಗೆ ಬಗ್ಗಿ ‘ಅಣ್ಣಕ್ಕಾ’ ಎಂದು ಕೂಗಬೇಕು, ಕೂಗದೆ ಸೇದಿದರೆ ಕೊಡ ಅರ್ಧವೇ ತುಂಬುತ್ತದೆ ಎನ್ನುತ್ತಾರೆ. ದಡದಲ್ಲಿ ಎದೆಮಟ್ಟದ ಒಂದು ಕಲ್ಲು. ಅದರಲ್ಲಿ ಕೆತ್ತಿದ ಆಳಿಗೆ ಮೀಸೆ ಇದೆ, ಒಂದು ಕೈಯಲ್ಲಿ ಹಾರೆ ಇದೆ, ಎರಡೂ ಕೈ ತುಂಬ ಬಳೆಗಳಿವೆ. “ಇದರಾಗ ಅಣ್ಣ ಯಾರ್ರೀ, ಅಕ್ಕ ಯಾರು?” ಎಂದು ಹೊಸಬರು ಕೇಳಿದರೆ ನೀರಿಗೆ ಬಂದ ಹೆಂಗಸರು ನಗುತ್ತಾರೆ. “ಇರೂದ ಒಂದ ಆಳು. ಇಬ್ಬರನ್ನ ಎಲ್ಲಿಂದ ತರೂಣ್ರೀ?”

ಆದರೆ ಕಲ್ಲು ಹೀಗೆ ಬಯಲಾಗಿ ನಿಂತದ್ದು ಮೊದಲಿನಿಂದಲ್ಲ. ಹಿಂದೆ ಒಮ್ಮೆ, ಬಾವಿಯ ಯಜಮಾನಿಕೆ ಮೇಟಿ ಮನೆಯವರದಾಗಿದ್ದ ಕಾಲಕ್ಕೆ, ಇದು ಬರೀ ಸುಣ್ಣದ ಮುದ್ದೆಯಾಗಿತ್ತು. ಪ್ರತಿ ಯುಗಾದಿಗೆ ಆ ಮನೆಯ ಕಿರಿಸೊಸೆ ಪುಂಡಿನಾರಿನ ಕುಂಚ ಹಿಡಿದು ಸುಣ್ಣ ಬಳಿಯಬೇಕು. ಹಳೆಯದನ್ನು ಮಾತ್ರ ಕೆರೆಯಕೂಡದು, ಅದರ ಮೇಲೇ ಬಳಿಯಬೇಕು. ಅಣ್ಣ ಬಾವಿ ತೋಡಿದ, ನೀರು ಬರಲಿಲ್ಲ, ಅಕ್ಕ ಬಲಿಯಾದಳು, ನೀರು ಉಕ್ಕಿತು ಎಂಬುದು ಮೇಟಿಯವರು ಹೇಳುತ್ತಿದ್ದ ಕತೆ. ಆದ್ದರಿಂದ ಕಲ್ಲಿನ ಮುಂದೆ ಎರಡು ಎಲೆಯ ಎಡೆ. ಕಿರಿಸೊಸೆ ನಿಂಬೆವ್ವ ಇಪ್ಪತ್ತು ಯುಗಾದಿ ಸುಣ್ಣ ಬಳಿದಳು, ಎರಡೆಲೆ ಇಟ್ಟಳು, ಯಾಕೆಂದು ಕೇಳಲಿಲ್ಲ.

ಇಪ್ಪತ್ತೊಂದನೆಯ ಯುಗಾದಿಗೆ ಇನ್ನೊಂದು ವಾರವಿದೆ ಎನ್ನುವಾಗ ಆಕೆಯ ಒಬ್ಬನೇ ಮಗ ಬಾಳಪ್ಪ, ಪ್ರಾಯಕ್ಕೆ ಬಂದವನು, ಹೆಂಗಸರ ನಡುವೆ ಕೂತು ಬಳೆಗಾರನಿಂದ ಎರಡೂ ಕೈಗೆ ಹಸಿರು ಬಳೆ ಇಡಿಸಿಕೊಂಡ. ಮನೆಯ ಹಿರಿಯ, ನಿಂಬೆವ್ವನ ಭಾವ ಮುದುಕಪ್ಪ ಕೆಂಡವಾದ. “ಹಬ್ಬದೊಳಗ ಬಳಿ ಒಡೀಬೇಕು, ಇಲ್ಲಾ ಊರು ಬಿಡಬೇಕು. ನಮ್ಮ ವಂಶದಾಗ ಇಂಥದ್ದು ಹುಟ್ಟಿಲ್ಲ.”

“ಒಡೀರಿ ದೊಡ್ಡಪ್ಪಾ. ಬಳಿಗಾರ ವಾರಾವಾರಾ ಬರ್ತಾನ” ಎಂದ ಬಾಳಪ್ಪ. ಅಡಿಗೆಮನೆಯಲ್ಲಿ ಯಾರೋ ಕಿಸಕ್ಕೆಂದರು. ಕಟ್ಟೆಯ ಮೇಲಿದ್ದ ನಿಂಬೆವ್ವನ ಅತ್ತೆ ತಿಪ್ಪವ್ವ ಮಾತ್ರ ತನ್ನಷ್ಟಕ್ಕೇ ಗೊಣಗಿದಳು: “ಹುಟ್ಟಿಲ್ಲ ಅನಬ್ಯಾಡೋ ಮಗನ, ಸುಣ್ಣ ಉದುರೀತು.” ಆ ಮಾತು ನಿಂಬೆವ್ವನ ಒಳಗೆ ಮುಳ್ಳಿನಂತೆ ಮುರಿದು ಉಳಿಯಿತು.

ಹಬ್ಬದ ಬೆಳಿಗ್ಗೆ ಆಕೆ ಕುಂಚದ ಜೊತೆಗೆ ಕುಡುಗೋಲನ್ನೂ ಒಯ್ದಳು. ಸುಣ್ಣ ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರು ಪದರಾಗಿ ಎದ್ದಿತು. ಎರಡು ಮುಖ ಹುಡುಕಿದವಳಿಗೆ ಸಿಕ್ಕಿದ್ದು ಒಂದೇ ಮುಖ, ಅದಕ್ಕೆ ಮೀಸೆ. ಕೈಯವರೆಗೆ ಕೆರೆದರೆ ಬಳೆ. ಕೋಲೂರುತ್ತ ಬಂದ ತಿಪ್ಪವ್ವ ಕಲ್ಲಿನ ಬುಡದಲ್ಲಿ ಕುಸಿದು ಕೂತಳು. “ನಮ್ಮತ್ತಿ ನನಗ ಹೇಳಿದ್ಲು. ನಿನಗ ಹೇಳಾಕ ನನಗ ಬಾಯಿ ಬರಲಿಲ್ಲ” ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು. ಅಣ್ಣಕ್ಕ ಎಂಬುದು ಒಬ್ಬರದೇ ಹೆಸರು, ಮೇಟಿ ಮನೆಯದೇ ಕುಡಿ. ತಮ್ಮಂದಿರು ಹೊಲದಲ್ಲಿ ಅಣ್ಣಾ ಎಂದು ಕರೆದರೂ ಅಣ್ಣಕ್ಕ ಓಗೊಡುತ್ತಿದ್ದರು, ಒಲೆಯ ಮುಂದೆ ಅಕ್ಕಾ ಎಂದರೂ ಓಗೊಡುತ್ತಿದ್ದರು. ಎರಡರಲ್ಲಿ ಒಂದನ್ನು ಬಿಡು ಎಂದು ಹಿರಿಯರು ಹಟ ಹಿಡಿದಾಗ, ಎರಡನ್ನೂ ಹೊತ್ತು ಈ ಗರಸಿಗೆ ಬಂದು ಮೂರು ಬೇಸಿಗೆ ಒಂಟಿಯಾಗಿ ಕಲ್ಲೊಡೆದು ನೀರು ಕಂಡರು. ಕೊಡ ಹಿಡಿದು ಬಂದ ಮನೆಯವರಿಗೆ ಹಾಕಿದ್ದು ಒಂದೇ ಕಟ್ಟಳೆ: ನನ್ನ ಹೆಸರು ಪೂರ್ತಿ ಕೂಗಿ, ಆಮೇಲೆ ಸೇದಿ. ಅಣ್ಣಕ್ಕ ತೀರಿಕೊಂಡ ಮೇಲೆ ಊರವರು ಕಲ್ಲು ನಿಲ್ಲಿಸಿದರು. ಮೇಟಿಯವರಿಗೆ ನೀರು ಬೇಕಾಯಿತು, ಆಳು ಬೇಡವಾಯಿತು. ಹೆಸರನ್ನು ಸೀಳಿ ಇಬ್ಬರನ್ನು ಮಾಡಿದರು, ಮುಖಕ್ಕೆ ಸುಣ್ಣ ಬಳಿದರು.

ಸುದ್ದಿ ತಿಳಿದು ಮುದುಕಪ್ಪ ಓಡಿಬಂದ, ಹಿಂದೆಯೇ ಬಾಳಪ್ಪನೂ ಊರವರೂ ಬಂದರು. ಕುಂಚವನ್ನೆತ್ತಿ ಗಡಿಗೆಯ ಸುಣ್ಣಕ್ಕೆ ಅದ್ದಿದ. ಭಾವನೆದುರು ತಲೆಯ ಮೇಲಿನ ಸೆರಗು ಎಂದೂ ಜಾರಗೊಡದ ನಿಂಬೆವ್ವ ಅದನ್ನು ನಡುವಿಗೆ ಸಿಕ್ಕಿಸಿ, ನೆರೆದ ಊರ ಮುಂದೆ ಮಗನನ್ನು ಕಲ್ಲಿನ ಪಕ್ಕ ನಿಲ್ಲಿಸಿದಳು. “ಬಳೀರಿ ಭಾವಾರ. ಮೊದಲ ಇವನ ಮುಖಕ್ಕ ಬಳೀರಿ, ಆಮ್ಯಾಲ ಕಲ್ಲಿಗೆ.”

ಬಾಳಪ್ಪ ಕಣ್ಣು ಮುಚ್ಚಲಿಲ್ಲ. ಕುಂಚದಿಂದ ಸುಣ್ಣ ತೊಟ್ಟಿಕ್ಕಿತು, ಮುದುಕಪ್ಪನ ಕೈ ಮೇಲೇಳಲಿಲ್ಲ. ಬಾಳಪ್ಪ ಕೊಡ ತೆಗೆದುಕೊಂಡು, ಬಾವಿಗೆ ಬಗ್ಗಿ ‘ಅಣ್ಣಕ್ಕಾ’ ಎಂದು ಕೂಗಿದ. ಅವನ ಹಿಂದೆ ನಿಂತ ಹೆಂಗಸರೆಲ್ಲ ಕೂಗಿದರು. ಬಾವಿಯೂ ತಿರುಗಿ ಕೂಗಿತು. ಬಳೆಗಳ ಸದ್ದಿನೊಡನೆ ತುಂಬಿದ ಕೊಡ ಮೇಲೆ ಬಂತು. ಮುದುಕಪ್ಪ ಕುಂಚವನ್ನು ಅಲ್ಲೇ ಬಿಸಾಕಿ ಹೋದ. ಬಾಳಪ್ಪ ಊರು ಬಿಡಲಿಲ್ಲ.

ಈಗ ಯುಗಾದಿಗೆ ಕಲ್ಲಿನ ಮುಂದೆ ಒಂದೇ ಎಲೆ. ಕೆನ್ನೆಯ ಮೇಲೆ ಕುಡುಗೋಲಿನ ಗೀರುಗಳು ಕಾಣುತ್ತವೆ. ಎಡಗಿವಿಯ ಹಿಂದೆ ಅಂಗೈಯಗಲ ಸುಣ್ಣವನ್ನು ನಿಂಬೆವ್ವ ಬೇಕೆಂದೇ ಬಿಟ್ಟಳು ಎನ್ನುತ್ತಾರೆ. ಮೇಟಿ ಮನೆಗೆ ಬಂದ ಪ್ರತಿ ಹೊಸ ಸೊಸೆಯೂ ಮೊದಲ ಕೊಡ ಸೇದುವ ಮುಂಚೆ ಅದನ್ನು ಉಗುರಿನಿಂದ ಒಂದಿಷ್ಟು ಕೆರೆಯುತ್ತಾಳೆ. ಈಗ ಉಳಿದಿರುವುದು ಒಂದು ಜೋಳದ ಕಾಳಿನಷ್ಟು.