ಹೊಟ್ಟೆಗೆ ಕಿಟಕಿಯಿದ್ದ ಹಸು

ಪಶು ಸಂಶೋಧನಾ ಕೇಂದ್ರದ ಹಸುವಿನ ಪಕ್ಕೆಯಲ್ಲಿ ಮುಚ್ಚಳ ಹಾಕಿದ ತೂತೊಂದನ್ನು ಕಂಡು, ಬೇಲಿಯಾಚೆ ನಿಂತಿದ್ದ ಬಡಕಲು ಊರಹಸು ಕೇಳಿತು: "ಇದೇನಕ್ಕ?"

"ಕಿಟಕಿ. ಬರೀ ಒಣಹುಲ್ಲು ತಿಂದು ಬಡವರ ದನ ಬದುಕುವುದು ಹೇಗೆಂದು ವಿಜ್ಞಾನಿಗಳು ಇದರೊಳಗೆ ಕೈಹಾಕಿ ಹುಡುಕುತ್ತಾರೆ."

"ಸಿಕ್ಕಿತೆ?"

"ಹುಡುಕಿದವರಿಗೆಲ್ಲ ಹೊರದೇಶದಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಹೊಸಬರು ಬಂದು ಮತ್ತೆ ಮೊದಲಿಂದ ಕೈಹಾಕುತ್ತಾರೆ."

ಅಷ್ಟರಲ್ಲಿ ಹೊಸ ವಿಜ್ಞಾನಿ ಬಂದ. ಊರಹಸು ಬೇಲಿಗೆ ಪಕ್ಕೆಯೊತ್ತಿ ನಿಂತು ಬೇಡಿತು: "ಸ್ವಾಮಿ, ನನಗೂ ಒಂದು ಕಿಟಕಿ ಇಡಿ. ಹಸಿವು ಹೇಗಿರುತ್ತದೆಂದು ಒಳಗೇ ನೋಡಿ."

ಆತ ಮರುಕದಿಂದ ಅದರ ಬೆನ್ನು ಸವರಿದ.

"ಆಗದಮ್ಮ. ಪ್ರಯೋಗಕ್ಕೆ ಹೊಟ್ಟೆ ತುಂಬಿದ ಹಸುವೇ ಬೇಕು."

ಹಾಗೆಂದು ಕೇಂದ್ರದ ಹಸುವಿನ ಮುಂದೆ ಹಸಿಹುಲ್ಲು ಸುರಿದು, ಕೈಗವಸು ತೊಟ್ಟ.