ಛತ್ರದ ಮಂಚ, ತವರಿನ ಹೊರಸು

"ಗುರುಗಳೇ, ಪರರ ರಕ್ತ ಕುಡಿದು ಬದುಕುವ ಜೀವಿಗಳಲ್ಲೂ ಒಂದು ಸೌಮ್ಯವಾಗಿರುತ್ತದೆ, ಇನ್ನೊಂದು ಕ್ರೂರವಾಗಿರುತ್ತದೆ. ಅದೇಕೆ? ಪೂರ್ವಜನ್ಮದ ಫಲವೇ?" ಎಂದು ಗುರುಪಾದನೆಂಬ ಶಿಷ್ಯನು ಕೇಳಿದನು. ಅವನು ಮಠಕ್ಕೆ ಹೊಸಬ. ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕುಳಿತಿದ್ದರು.

ಊಟವಾದ ಮೇಲೆ ಪೂರ್ವಜನ್ಮದ ಮಾತೆತ್ತಿದರೆ ಗುರುಗಳಿಗೆ ಸಿಟ್ಟು ಬರುತ್ತಿತ್ತು. "ತಿಗಣೆಗೆ ಈ ಜನ್ಮದ ಕೆಲಸವೇ ಬೇಕಾದಷ್ಟಿದೆ. ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದನು. ಅವನಿಗೆ ಸಾತವ್ವ ಎಂಬ ಒಬ್ಬಳೇ ಮಗಳು. ಪಕ್ಕದ ಊರಿನ ವ್ಯಾಪಾರಿಯ ಮಗನೊಡನೆ ಅವಳ ಮದುವೆಯ ಮಾತು ನಡೆದಿತ್ತು. ಹುಡುಗ ಒಪ್ಪಿದ್ದನು. ಸಾತವ್ವ ಅವನಿಗಿಂತ ಮೊದಲೇ ಒಪ್ಪಿದ್ದಳು. ಇನ್ನು ಒಂದೇ ಒಂದು ಶಾಸ್ತ್ರ ಉಳಿದಿತ್ತು. ಆ ಸೀಮೆಯಲ್ಲಿ ಗಂಡಿನ ತಂದೆ ಬಂದು ಹೆಣ್ಣಿನ ಮನೆಯ ಹಾಸಿಗೆಯಲ್ಲಿ ಒಂದು ರಾತ್ರಿ ಮಲಗಬೇಕು. ಬೆಳಿಗ್ಗೆ ಎದ್ದು "ನಿದ್ದೆ ಹತ್ತಿತು" ಎಂದರೆ ಸಂಬಂಧ ಕೂಡಿತು. ಹತ್ತಲಿಲ್ಲ ಎಂದರೆ ಮುರಿಯಿತು. ಇದಕ್ಕೆ ಕಾರಣ ಕೇಳಬೇಡ. ನಮ್ಮ ಮಠದಲ್ಲೂ ಕಾರಣವಿಲ್ಲದ ಶಾಸ್ತ್ರಗಳು ಬೇಕಾದಷ್ಟಿವೆ.

ರೈತನ ಮನೆಯಲ್ಲಿ ಒಂದು ಹೊರಸು, ಅಂದರೆ ಹಗ್ಗ ಹೆಣೆದ ಮಂಚ, ಇತ್ತು. ರೈತನ ಹೆಂಡತಿ ಅದನ್ನು ತವರಿನಿಂದ ತಂದಿದ್ದಳು. ಅವಳ ತಾಯಿಯೂ ತನ್ನ ತವರಿನಿಂದಲೇ ತಂದಿದ್ದಳು. ಮಗಳು ಮದುವೆಯಾಗಿ ಹೋಗುವಾಗ ಹೊರಸೂ ಅವಳ ಹಿಂದೆ ಹೋಗುವುದು ಆ ಹೆಣ್ಣುಮಕ್ಕಳ ಪದ್ಧತಿ. ಅದರಲ್ಲಿ ತಿಗಣೆ ಇದ್ದವು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ರೈತನಿಗೆ ಆ ಹೊರಸನ್ನು ನೋಡಿದರೇ ನಾಚಿಕೆ. ಹಗ್ಗ ಜೋತು ಬಿದ್ದಿತ್ತು, ಒಂದು ಕಾಲು ಗಿಡ್ಡವಾಗಿತ್ತು. ಊರ ಹೊರಗಿನ ಛತ್ರದಲ್ಲಿ ಕೆತ್ತನೆಯ ದೊಡ್ಡ ಮಂಚವಿತ್ತು. ದಾರಿಹೋಕರು ದಿನಕ್ಕೊಬ್ಬರಂತೆ ಅದರ ಮೇಲೆ ಮಲಗಿ ಎದ್ದು ಹೋಗುತ್ತಿದ್ದರು. ರೈತನು ಒಂದು ರಾತ್ರಿಯ ಮಟ್ಟಿಗೆ ಅದನ್ನು ಕೇಳಿದನು. ಛತ್ರದವನು ಎರಡು ಮಾತಾಡದೆ ಕೊಟ್ಟನು. ಆ ಮನುಷ್ಯ ಮಾತ್ರ ಯಾವಾಗಲೂ ಬಾವಿಕಟ್ಟೆಯ ಮೇಲೆ ಮಲಗುತ್ತಿದ್ದನು. ಅದೇಕೆ ಎಂದು ರೈತನು ಕೇಳಲಿಲ್ಲ. ಕೇಳಬೇಕಿತ್ತು.

ಮಂಚ ಮನೆಗೆ ಬಂದದ್ದನ್ನು ಕಂಡು ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದ್ಯಾಕ ತಂದ್ರಿ?"

"ಬೀಗರ ಮುಂದ ಮರ್ಯಾದಿ ಉಳೀಬೇಕಲ್ಲ?"

"ಮರ್ಯಾದಿ ಮ್ಯಾಲ ಯಾರೂ ಮಲಗೂದಿಲ್ಲ. ನನ್ನ ತವರಿನ ಹೊರಸ ಹಾಕ್ರಿ."

ರೈತನು ಕೇಳಲಿಲ್ಲ. ವ್ಯಾಪಾರಿ ಬಂದನು, ಹೋಳಿಗೆ ಉಂಡನು, ಕೆತ್ತನೆಯನ್ನು ಕೈಯಿಂದ ಸವರಿ ಮೆಚ್ಚಿದನು, ಮಲಗಿದನು.

ಬೆಳಿಗ್ಗೆ ನೋಡಿದರೆ ಮಂಚದ ಮೇಲೆ ಬೀಗನಿಲ್ಲ. ಹುಡುಕಿದಾಗ ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕ ಕುಳಿತಿದ್ದನು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಇನ್ನೊಂದರಲ್ಲಿ ಕೆಂಡದಂಥ ಕೋಪವಿತ್ತು.

"ನಿದ್ದಿ ಹತ್ತಿತ್ರೀ?" ಎಂದು ರೈತನು ಶಾಸ್ತ್ರದಂತೆ ಕೇಳಿದನು.

"ನಿದ್ದಿ ಒಂದು ಬಿಟ್ಟು ಉಳಿದದ್ದೆಲ್ಲಾ ಹತ್ತಿತು. ನನ್ನ ಚಪ್ಪಲಿ ಎಲ್ಲಿ?"

ಒಳಗೆ ಸಾತವ್ವ ಕೈಯಲ್ಲಿದ್ದ ಮೊರ ಬಿಟ್ಟು ಅಳತೊಡಗಿದಳು. ಅವಳಿಗೆ ಆ ಹುಡುಗನೇ ಬೇಕಾಗಿತ್ತು. ಮಗಳ ಅಳು ಕೇಳಿ ತಾಯಿಗೆ ಸಂಕಟವೂ ಸಿಟ್ಟೂ ಒಟ್ಟಿಗೆ ಬಂದವು. ಅವಳು ಬಾಗಿಲಿಗೆ ಅಡ್ಡ ನಿಂತು, "ಯಣ್ಣಾ, ನಮ್ಮನಿ ಹಾಸಿಗಿಮ್ಯಾಲ ಮಲಗಬೇಕಂತ ಶಾಸ್ತ್ರ ಐತಿ. ನೀವು ಮಲಗಿದ್ದು ಛತ್ರದ ಮಂಚದ ಮ್ಯಾಲ. ಶಾಸ್ತ್ರ ಇನ್ನೂ ಆಗೇ ಇಲ್ಲ. ಇವತ್ತ ನನ್ನ ಹೊರಸಿನ ಮ್ಯಾಲ ಮಲಗ್ರಿ. ನಿದ್ದಿ ಹತ್ತಲಿಲ್ಲಂದ್ರ ಚಪ್ಪಲಿ ನಾನ ತಂದು ಇಡ್ತೀನಿ" ಎಂದಳು.

ವ್ಯಾಪಾರಿ ಶಾಸ್ತ್ರಕ್ಕೆ ಹೆದರುವ ಮನುಷ್ಯ. ನಿಂತನು. ಮರುದಿನ ಹೊತ್ತು ಮೇಲೇರಿದರೂ ಅವನು ಏಳಲಿಲ್ಲ. ಕೊನೆಗೆ ಅಲುಗಾಡಿಸಿ ಎಬ್ಬಿಸಬೇಕಾಯಿತು. "ನಿದ್ದಿ ಹತ್ತಿತು. ಒಂದೆರಡು ಸಲ ಏನೋ ಚುರುಕ್ ಅಂತು ಖರೆ, ಆದರ ಕೇಳಿ ಕಡದಂಗಿತ್ತು" ಎಂದನು. ಸಂಬಂಧ ಕೂಡಿತು. ಸಾತವ್ವ ಗಂಡನ ಮನೆಗೆ ಹೋದಳು. ಹೊರಸೂ ಹೋಯಿತು. ತಿಗಣೆಗಳೂ ಮಕ್ಕಳುಮರಿ ಸಮೇತ ಹೋದವು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಗುರುಪಾದನು, "ಹಾಗಾದರೆ ಮನೆಯ ತಿಗಣೆಗೆ ಧರ್ಮವನ್ನು ಕಲಿಸಿದವರು ಯಾರು?" ಎಂದು ಕೇಳಿದನು.

"ಕುದಿಯುವ ನೀರು" ಎಂದರು ಗುರುಗಳು. "ಆ ಹೆಂಗಸರ ಮನೆಯಲ್ಲಿ ಜೋರಾಗಿ ಕಡಿದ ತಿಗಣೆ ಬೆಳಗಾಗುವುದರೊಳಗೆ ಸಿಕ್ಕಿಬೀಳುತ್ತಿತ್ತು. ಹೊರಸನ್ನು ಬಿಸಿಲಿಗೆ ಹಾಕಿ ಸಂದಿಗೆ ನೀರು ಹೊಯ್ಯುತ್ತಿದ್ದರು. ಮೆಲ್ಲಗೆ ಕುಡಿದು ಅಡಗಿದ್ದು ಉಳಿಯಿತು, ಮರಿ ಹಾಕಿತು. ಅದರ ಮರಿಯೂ ಅದರಂತೆಯೇ. ಅವಕ್ಕೆ ಬೇರೆ ಮನೆಗೆ ಹೋಗಲು ಮಗಳ ಮದುವೆಯೊಂದೇ ದಾರಿ. ಮನೆಯವರ ನಿದ್ದೆ ಕೆಟ್ಟರೆ ಹೊರಸು ಒಲೆಗೆ ಹೋಗುತ್ತಿತ್ತು, ಮದುವೆಗಲ್ಲ. ಮಲಗುವವರೂ ಬದಲಾದರು. ಕಡಿತಕ್ಕೆ ಮೈ ಊದಿದ ಹೆಣ್ಣುಮಕ್ಕಳು ಹೊರಸನ್ನು ಸುಟ್ಟರು. ಊದದವರು ಇಟ್ಟುಕೊಂಡು ತಮ್ಮ ಹೆಣ್ಣುಮಕ್ಕಳಿಗೆ ಕೊಟ್ಟರು. ಹಾಗೆ ಬರುತ್ತಾ ಬರುತ್ತಾ ದಪ್ಪ ಚರ್ಮದವರೂ ಮೆತ್ತಗಿನ ತಿಗಣೆಯೂ ಒಂದೇ ಹೊರಸಿನಲ್ಲಿ ಉಳಿದರು."

"ಛತ್ರದಲ್ಲಿ?"

"ಛತ್ರದಲ್ಲಿ ಮಲಗಿದವನು ನಸುಕಿಗೆ ಎದ್ದು ಹೋಗುತ್ತಾನೆ. ಕಡಿಸಿಕೊಂಡವನು ಬೈದುಕೊಂಡು ನಡೆಯುತ್ತಾನೆಯೇ ಹೊರತು, ಇನ್ನೊಬ್ಬರ ಮಂಚಕ್ಕೆ ನೀರು ಕಾಯಿಸುತ್ತಾ ಕೂರುವುದಿಲ್ಲ. ಸಾಯಂಕಾಲಕ್ಕೆ ಹೊಸ ಮೈ ಬರುತ್ತದೆ. ಅಲ್ಲಿ ಮೆಲ್ಲಗೆ ಕುಡಿಯುವ ತಿಗಣೆ ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಹೆಚ್ಚು ಹೀರಿದ್ದು ಹೆಚ್ಚು ಮರಿ ಹಾಕುತ್ತದೆ. ಆ ಮಂಚದಿಂದ ಕೆಲವು ರೈತನ ಮನೆಯಲ್ಲೇ ಉಳಿದುಬಿಟ್ಟವು. ಹಳೆಯ ಚಾಳಿ ಬಿಡಲಿಲ್ಲ. ಒಂದೊಂದಾಗಿ ಕುದಿನೀರಿಗೆ ಸಿಕ್ಕವು. ಇದರಲ್ಲಿ ಪೂರ್ವಜನ್ಮ ಎಲ್ಲಿ ಬಂತು? ನಾಳೆಯೂ ಇದೇ ಮೈ ಎಂದಾಗ ಕಡಿತ ಒಂದು ತರಹ. ನಾಳೆ ಬೇರೆ ಮೈ ಎಂದಾಗ ಇನ್ನೊಂದು ತರಹ."

ಗುರುಪಾದನ ಮುಖ ಅರಳಿತು. ಅವನು ಎದ್ದು ನಮಸ್ಕರಿಸಿ, "ಎಂಥ ಮಾತು ಹೇಳಿದಿರಿ ಗುರುಗಳೇ! ನಾನು ಇದುವರೆಗೆ ಇದ್ದ ಮಠಗಳಲ್ಲಿ ಯಾರೂ ಇದನ್ನು ಇಷ್ಟು ಚೆನ್ನಾಗಿ ಬಿಡಿಸಿ ಹೇಳಿರಲಿಲ್ಲ. ಅಮಾವಾಸ್ಯೆ ಕಳೆದ ಮೇಲೆ ಮುಂದಿನ ಮಠಕ್ಕೆ ಹೊರಡುತ್ತೇನೆ. ಅಲ್ಲಿ ಎಲ್ಲರಿಗೂ ಈ ಕತೆ ಹೇಳುತ್ತೇನೆ" ಎಂದನು.

ಗುರುಗಳು ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಹಾಗೋ! ನೀನು ಬಂದಾಗಿನಿಂದ ನಮ್ಮ ಗಡಿಗೆಯಲ್ಲಿ ತುಪ್ಪ ಏಕೆ ನಿಲ್ಲುತ್ತಿಲ್ಲ ಎಂದು ಈಗ ತಿಳಿಯಿತು" ಎಂದರು.