ರಾಚವ್ವನ ಕೋಣೆಗೆ ಎಳೆದ ತಂತಿ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿ ನೀಲಲೋಚನೆ ತಾಯಿ ಬೆಳಗಿನ ಹೊತ್ತು ಪಡಸಾಲೆಯಲ್ಲಿ ಕೂತು ನಾಲ್ಕು ಮಾತು ಹೇಳುವರು. ಸುತ್ತಲ ಊರವರು ಬಂದು ಕೇಳುವರು.

ಆಶ್ರಮದ ಮೈಕು, ದೀಪ, ಪಂಪು ಎಲ್ಲ ಶಿಷ್ಯ ಬಾಳಯ್ಯನ ಪಾಲಿನ ಕೆಲಸ. ಹೆತ್ತವರಿಲ್ಲದ ಕೂಸಾಗಿ ಬಂದವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಡುಗೆಯ ರಾಚವ್ವ. ಈಗ ರಾಚವ್ವ ಹಾಸಿಗೆ ಹಿಡಿದಿದ್ದಳು. ಇನ್ನು ಏಳುವುದು ಕಷ್ಟವೆಂದು ಡಾಕ್ಟರು ಹೇಳಿ ಹೋಗಿದ್ದರು.

"ತಾಯಿ ಮಾತು ಕಿವಿಗೆ ಬಿದ್ದು ಭಾಳ ದಿನ ಆತು" ಎಂದು ಅವಳು ಹಲುಬುತ್ತಾಳೆಂಬುದು ಬಾಳಯ್ಯನಿಗೆ ತಿಳಿಯಿತು.

ಅಂದೇ ಅವನು ಪಡಸಾಲೆಯ ಮೈಕಿನಿಂದ ಹಿತ್ತಿಲಲ್ಲಿದ್ದ ರಾಚವ್ವನ ಕೋಣೆಗೆ ತಂತಿ ಎಳೆದ. ಅಡುಗೆಮನೆ ಬಳಸಿ, ಕೊಟ್ಟಿಗೆ ಬಳಸಿ, ಅವಳ ಕಿಟಕಿಯವರೆಗೆ. ಸ್ಪೀಕರ್ ಪೆಟ್ಟಿಗೆಯನ್ನು ಮಾತ್ರ ಆರೈಕೆಯ ಹೆಂಗಸಿನ ಕೈಗೆ ಕೊಟ್ಟು ಒಳಗೆ ಇಡಿಸಿದ.

ಮರುದಿನ ತಾಯಿ ರಾಚವ್ವನನ್ನು ನೋಡಿ ಬಂದರು.

"ನಿನ್ನ ಪೆಟ್ಟಿಗಿ ಗುಂಯ್ ಅಂತೈತಿ ಬಾಳಯ್ಯ. ನಾ ಜೇನುಹುಟ್ಟಿನೊಳಗ ಕುಂತು ಮಾತಾಡಿದಂಗ ಕೇಳ್ತೈತಂತ ರಾಚಿಗೆ."

ಬಾಳಯ್ಯ ಹುಡುಕಿದ. ಮೈಕಿನ ತಂತಿ ಕರೆಂಟಿನ ತಂತಿಯ ಮೈಗೆ ಮೈ ಹಚ್ಚಿಕೊಂಡು ಹೋಗಿತ್ತು. ಅದರ ಗುಂಗನ್ನೆಲ್ಲ ಇದು ಹೀರಿಕೊಂಡಿತ್ತು. ಜಾಳಿಗೆಯ ಕವಚವಿದ್ದ ಬೇರೆ ತಂತಿ ತಂದು, ಕರೆಂಟಿನಿಂದ ದೂರ ಸರಿಸಿ ಎಳೆದ.

"ಈಗ ಹೆಂಗೈತ್ರಿ ತಾಯಿ?"

"ಗುಂಗು ಹೋತು. ಆದ್ರ ಕಂಬಳಿ ಹೊದ್ದು ಮಾತಾಡಿದಂಗ ಐತಿ. ನಾ 'ಶಾಂತಿ' ಅಂದ್ರ ರಾಚಿಗೆ 'ಆಂಯಿ' ಅಂತ ಕೇಳ್ತೈತಿ."

"ತಂತಿ ಉದ್ದ ಆತ್ರಿ. ಉದ್ದ ಆದಷ್ಟೂ ಒಳಗಿನ ಎಳಿಗೂ ಹೊರಗಿನ ಜಾಳಗಿಗೂ ನಡುವ ದನಿ ಸೋರಿ ಹೋಗ್ತೈತಿ. ಕೆಪ್ಯಾಸಿಟೆನ್ಸ್ ಅಂತಾರ್ರಿ ಅದಕ್ಕ. ದಪ್ಪ ದನಿ ದಾಟ್ತಾವು. ಸ, ಶ, ತ ಅನ್ನೂ ಸಣ್ಣ ದನಿ ದಾರ್‍ಯಾಗ ಉಳೀತಾವು."

"ಜೋರು ಮಾಡಿದ್ರ?"

"ಕಂಬಳಿನೂ ಜೋರಾಗ್ತೈತ್ರಿ."

"ಮತ್ತ ಉಪಾಯ?"

"ತಂತಿ ಗಿಡ್ಡ ಮಾಡಬೇಕ್ರಿ."

"ಮಾಡು."

ಬಾಳಯ್ಯ ಬಳಸುದಾರಿ ಬಿಟ್ಟು ಅಂಗಳದ ಮೇಲಿಂದ ನೇರ ಎಳೆದ. ಕಂಬಳಿ ತುಸು ತೆಳ್ಳಗಾಯಿತು.

"ಇನ್ನೂ ಗಿಡ್ಡ ಮಾಡು" ಎಂದರು ತಾಯಿ.

"ಪಡಸಾಲಿ ಅಲ್ಲೈತಿ, ಕೋಣಿ ಇಲ್ಲೈತಿ. ಹೆಂಗ್ ಮಾಡ್ಲಿರಿ?"

ತಾಯಿ ತಮ್ಮ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ರಾಚವ್ವನ ಬಾಗಿಲ ಹೊರಗೆ ಹಾಸಿ ಕೂತರು. ಬಂದ ಜನ ಅಂಗಳದಲ್ಲೇ ಕೂತರು. ಬಾಳಯ್ಯ ತಂತಿ ಕತ್ತರಿಸಿ ಮತ್ತೆ ಜೋಡಿಸಿದ. ಈಗದು ಹೊಸ್ತಿಲು ದಾಟುವಷ್ಟೇ ಇತ್ತು.

ತಾಯಿ ಒಂದು ಮಾತು ಆಡಿ ನಿಲ್ಲಿಸಿದರು. ಒಳಗಿಂದ ರಾಚವ್ವನ ಕ್ಷೀಣ ದನಿ ಬಂತು: "ಈಗ ಸ್ವಚ್ಛ ಕೇಳಿಸ್ತ್ರಿ ತಾಯಿ."

ಬಾಳಯ್ಯನ ಮುಖ ಅರಳಿತು.

"ಇನ್ನೂ ಗಿಡ್ಡ ಮಾಡು" ಎಂದರು ತಾಯಿ.

"ಇನ್ನ ಹೊಸ್ತಿಲಾ ಅಷ್ಟ ಉಳದೈತ್ರಿ."

"ಅದನ್ನ ಹೇಳಾಕತ್ತೀನಿ. ರಾಚಿ ಮಲಗಿದ ಮ್ಯಾಲ ನೀ ಒಮ್ಮೆರ ಒಳಗ ಹೋಗಿಯೇನು?"

ಬಾಳಯ್ಯ ತಲೆ ತಗ್ಗಿಸಿದ.

"ನೋಡಾಕ ಆಗೂದಿಲ್ರಿ ತಾಯಿ. ನನ್ನ ಎತ್ತಿ ಆಡಿಸಿದ ಕೈ... ಕಡ್ಡಿ ಆಗ್ಯಾವಂತ."

ತಾಯಿ ಬಾಗಿ, ಮೈಕಿಗೆ ಚುಚ್ಚಿದ್ದ ತಂತಿಯ ಪಿನ್ನು ಕಿತ್ತು ಅವನ ಅಂಗೈಯಲ್ಲಿಟ್ಟರು.

ಅವನು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಆಮೇಲೆ ಹೊಸ್ತಿಲು ದಾಟಿದ.

ರಾಚವ್ವನ ಕಣ್ಣು ಮಂಜಾಗಿತ್ತು. ಕೈ ಗಾಳಿಯಲ್ಲಿ ತಡಕಾಡಿತು.

"ಯಾರು? ಬಾಳ್ಯಾನ? ಉಂಡಿಯೇನೋ ಮಗನ?"

"ಇಲ್ಲಬೇ ಯವ್ವಾ" ಎಂದ ಬಾಳಯ್ಯ, ಆ ಕೈಗೆ ಹಣೆ ಹಚ್ಚಿ. "ಇನ್ನೂ ಇಲ್ಲ."

ಅವಳು ಮತ್ತೇನೋ ಹೇಳಿದಳು. ಉಸಿರಿಗಿಂತ ಸಣ್ಣ ದನಿ. ಅವನು ಅವಳ ತುಟಿಗೆ ಕಿವಿ ಕೊಟ್ಟ. ಒಂದಕ್ಷರವೂ ತಪ್ಪದೆ ಕೇಳಿಸಿತು. ಅವನು ಅಳುತ್ತ ನಕ್ಕ.

ತಲೆಯೆತ್ತಿದಾಗ ತಾಯಿ ಬಾಗಿಲಲ್ಲಿ ಚಾಪೆ ಸುತ್ತುತ್ತಿದ್ದರು.

"ತಾಯೀ, ಹೊಂಟ್ರಲ್ಲಾ? ಇವತ್ತಿನ ಮಾತು ಇನ್ನೂ ಮುಗಿದಿಲ್ಲಲ್ರಿ?"

ತಾಯಿ ನಕ್ಕರು.

"ನಡುವ ನಾ ಯಾಕೋ?"